ವಾರ್‌ಗೇಮ್ ಕ್ಲಬ್ಬಿಗೆ ಮೊದಲ ಸಲ ಹೋಗುವವರು ಸೈನ್ಯ ಕೊಂಡೊಯ್ಯಬೇಕೆ?

ಪ್ರಶ್ನೆ: ನಾವು ಮೈಸೂರಿನವರು. ಈಗ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಭಾಗದ ಒಂದು ಸಣ್ಣ ಪಟ್ಟಣದಲ್ಲಿದ್ದೇವೆ. ಇಲ್ಲಿನ ಗ್ರಂಥಾಲಯದಲ್ಲಿ ಐತಿಹಾಸಿಕ ಮಿನಿಯೇಚರ್ ವಾರ್‌ಗೇಮ್ (ಪುಟ್ಟ ಸೈನಿಕ ಗೊಂಬೆಗಳಿಂದ ಮೇಜಿನ ಮೇಲೆ ಹಳೆಯ ಕದನಗಳನ್ನು ಆಡುವ ಆಟ) ಮತ್ತು ಬೋರ್ಡ್ ಗೇಮ್ ಕ್ಲಬ್ಬೊಂದರ ಭಿತ್ತಿಪತ್ರ ಕಂಡಾಗಿನಿಂದ ಹದಿನಾಲ್ಕು ವರ್ಷದ ಮಗ ಅಲ್ಲಿಗೆ ಹೋಗಲೇಬೇಕೆಂದು ಹಟ ಹಿಡಿದಿದ್ದಾನೆ. ಅಂಗಡಿಯಲ್ಲಿ ವಿಚಾರಿಸಿದರೆ ಒಂದು ಸೈನ್ಯಕ್ಕೆ ನೂರಾರು ಪೌಂಡ್ ಲೆಕ್ಕ ಹೇಳಿದರು. ಸೈನ್ಯವಿಲ್ಲದೆ ಹೋದರೆ ಆಡಿಸುತ್ತಾರೆಯೆ? ಅಲ್ಲಿ ನಿಜಕ್ಕೂ ಏನು ನಡೆಯುತ್ತದೆ? ಬೋರ್ಡ್ ಗೇಮ್ ಮಾತ್ರ ಬಲ್ಲ ನನ್ನಂಥವಳಿಗೂ ಅಲ್ಲಿ ಜಾಗವಿದೆಯೆ? ಟಿಪ್ಪುವಿನ ಕಡೆಯಿಂದ ಆಡಬಹುದೆ ಎಂಬುದು ಮಗನ ಪ್ರಶ್ನೆ.

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಕೈಬೀಸಿಕೊಂಡು ಹೋಗಿ. ಅಂಗಡಿಯವರು ಹೇಳಿದ ಲೆಕ್ಕ ಸುಳ್ಳಲ್ಲ, ಆದರೆ ಅದು ಬೇರೊಂದು ಬಗೆಯ ಆಟಕ್ಕೆ ಸಲ್ಲುವ ಲೆಕ್ಕ. ದೊಡ್ಡ ಕಂಪನಿಗಳ ಕಾಲ್ಪನಿಕ ಜಗತ್ತಿನ ಆಟಗಳಲ್ಲಿ ಪ್ರತಿಯೊಬ್ಬ ಆಟಗಾರನೂ ತನ್ನ ಸೈನ್ಯವನ್ನು ತಾನೇ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬರುತ್ತಾನೆ. ಅದಿಲ್ಲದೆ ಅವನಿಗೆ ಆಟವಿಲ್ಲ. ಐತಿಹಾಸಿಕ ವಾರ್‌ಗೇಮಿನ ರೂಢಿ ಬಹುಮಟ್ಟಿಗೆ ಬೇರೆ. ವಾಟರ್ಲೂ ಕದನವನ್ನು ಮೇಜಿನ ಮೇಲೆ ತರಬೇಕೆಂದು ಹಂಬಲಿಸಿದವನು ಫ್ರೆಂಚರನ್ನಷ್ಟೇ ಬಣ್ಣ ಬಳಿದು ಕೂತರೆ ಎದುರಾಳಿ ಸಿಗುವ ಭರವಸೆಯಿಲ್ಲದ್ದರಿಂದ, ಕಾಲಕ್ರಮದಲ್ಲಿ ಎರಡೂ ಪಕ್ಷಗಳನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತಾನೆ, ನೆಲಹಾಸು, ಗುಡ್ಡ, ಬೇಲಿ, ಮನೆಗಳನ್ನೂ ಜೋಡಿಸಿಕೊಳ್ಳುತ್ತಾನೆ, ಮತ್ತು ಕ್ಲಬ್ಬಿನ ಸಂಜೆಯೊಂದರಲ್ಲಿ ಅವನ್ನೆಲ್ಲ ಹರಡಿ ನಾಲ್ಕಾರು ಜನರನ್ನು ಆಟಕ್ಕೆ ಕರೆಯುತ್ತಾನೆ. ಇದಕ್ಕೆ ಇಲ್ಲಿ ಆಟ ‘ಹಾಕುವುದು’ ಎನ್ನುತ್ತಾರೆ. ಹಾಕಿದವನಿಗೆ ಬೇಕಾದದ್ದು ಸೈನ್ಯವಲ್ಲ, ಆಡುವ ಜನ. ಹೊಸಬರೊಬ್ಬರು ಬಾಗಿಲಲ್ಲಿ ನಿಂತರೆ ಅವರ ಕೈಗೆ ಸೈನ್ಯದ ಒಂದು ಭಾಗವನ್ನು, ಒಂದು ಬ್ರಿಗೇಡನ್ನು, ಕೊಡಲು ಸಂತೋಷಪಡುವವರೇ ಹೆಚ್ಚು. ಅಂಕ ಲೆಕ್ಕ ಹಾಕಿ ಸಮಬಲದ ಸೈನ್ಯಗಳನ್ನು ತರಬೇಕಾದ ಪಂದ್ಯಾವಳಿಗಳು ಇದಕ್ಕೆ ಅಪವಾದ. ಅವುಗಳ ಯೋಚನೆ ನಿಮಗೀಗ ಅನಗತ್ಯ.

ಮೊದಲೇ ಕೊಳ್ಳಬಾರದೆನ್ನಲು ಇನ್ನೊಂದು ಕಾರಣವಿದೆ, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ. ಪ್ರತಿ ಕ್ಲಬ್ಬಿಗೂ ತನ್ನದೇ ಒಲವುಗಳಿರುತ್ತವೆ. ಒಂದು ಕಡೆ ಪ್ರಾಚೀನ ರೋಮನ್ನರು ಮತ್ತು ಪರ್ಷಿಯನ್ನರನ್ನು 15 ಮಿ.ಮೀ. ಗಾತ್ರದ ಗೊಂಬೆಗಳಲ್ಲಿ ಆಡುತ್ತಿರುತ್ತಾರೆ, ಇನ್ನೊಂದು ಕಡೆ ಎರಡನೇ ಮಹಾಯುದ್ಧವನ್ನು 28 ಮಿ.ಮೀ. ಗಾತ್ರದಲ್ಲಿ ‘ಬೋಲ್ಟ್ ಆಕ್ಷನ್’ ನಿಯಮಗಳಂತೆ ಆಡುತ್ತಿರುತ್ತಾರೆ. ಮತ್ತೊಂದು ಕಡೆ ನೆಪೋಲಿಯನ್ನನ ಕಾಲದ ಹೊರಗೆ ಕಾಲಿಡುವವರೇ ಇರುವುದಿಲ್ಲ. ಗಾತ್ರ, ಕಾಲಘಟ್ಟ, ನಿಯಮಾವಳಿ, ಗೊಂಬೆಗಳನ್ನು ಅಂಟಿಸುವ ಬೇಸಿನ ಅಗಲ, ಈ ನಾಲ್ಕೂ ಹೊಂದಿಕೊಳ್ಳದ ಸೈನ್ಯ ಎಷ್ಟೇ ಚೆನ್ನಾಗಿದ್ದರೂ ಆ ಕ್ಲಬ್ಬಿನಲ್ಲಿ ಮೇಜಿಗೆ ಬರುವುದಿಲ್ಲ. ಅಂಗಡಿಯ ಹೊಳಪಿನ ಪೆಟ್ಟಿಗೆಯಿಂದ ಶುರುಮಾಡಿದ ಎಷ್ಟೋ ಹುಡುಗರ ಉತ್ಸಾಹ ಅರ್ಧ ಬಣ್ಣ ಬಳಿದ ಸೈನಿಕರ ಜೊತೆಗೇ ಕಪಾಟು ಸೇರಿದ್ದನ್ನು ನೋಡಿದ್ದೇನೆ. ಕ್ಲಬ್ಬನ್ನು ನೋಡಿ ಸೈನ್ಯವನ್ನು ಆರಿಸುವುದೇ ಸರಿಯಾದ ಕ್ರಮ.

ಇಂಥ ಕ್ಲಬ್ಬುಗಳು ಹುಟ್ಟಿದ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. 1824ರ ಸುಮಾರಿಗೆ ಪ್ರಷ್ಯಾದ ಸೈನ್ಯ ತನ್ನ ಅಧಿಕಾರಿಗಳ ತರಬೇತಿಗೆಂದು ಸ್ವೀಕರಿಸಿದ ‘ಕ್ರೀಗ್ಸ್‌ಶ್ಪೀಲ್’ ಎಂಬ ಆಟದಲ್ಲಿ ನಕ್ಷೆ, ತುಂಡುಗಳು, ದಾಳ ಇದ್ದವು. ಎರಡು ಪಕ್ಷಗಳ ನಡುವೆ ಎಲ್ಲವನ್ನೂ ಬಲ್ಲ ಒಬ್ಬ ತೀರ್ಪುಗಾರನಿರುತ್ತಿದ್ದ, ಎದುರಾಳಿ ಎಲ್ಲಿದ್ದಾನೆಂಬುದು ಆಟಗಾರರಿಗೆ ಪೂರ್ತಿ ಕಾಣುತ್ತಿರಲಿಲ್ಲ. 1913ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ಆಟಿಕೆ ಸೈನಿಕರನ್ನು ಸ್ಪ್ರಿಂಗ್ ಫಿರಂಗಿಯಿಂದ ಹೊಡೆದುರುಳಿಸುವ ನಿಯಮಗಳನ್ನು ಪ್ರಕಟಿಸಿ ಆಟವನ್ನು ಬ್ಯಾರಕ್ಕಿನಿಂದ ಮನೆಯ ನೆಲಕ್ಕೆ ತಂದರು. ಕ್ಲಬ್ಬುಗಳು ಬೆಳೆದದ್ದು ಎರಡನೇ ಮಹಾಯುದ್ಧದ ನಂತರ, ಮುಖ್ಯವಾಗಿ 1960ರ ದಶಕದಲ್ಲಿ; ಪ್ರಾಚೀನ ಕಾಲದ ಯುದ್ಧಗಳಿಗೇ ಮೀಸಲಾದ ‘ಸೊಸೈಟಿ ಆಫ್ ಏನ್ಷೆಂಟ್ಸ್’ 1965ರಲ್ಲಿ ಸ್ಥಾಪನೆಯಾಗಿ ಇಂದಿಗೂ ನಡೆಯುತ್ತಿದೆ. ಸಾಮಾನ್ಯರ ಮನೆಯಲ್ಲಿ ಆರಡಿ ಉದ್ದ, ನಾಲ್ಕಡಿ ಅಗಲದ ಮೇಜಿಗೆ ಸ್ಥಳವಿರುವುದಿಲ್ಲವಷ್ಟೆ. ಊರಿನ ಸಭಾಭವನ ಕ್ಲಬ್ಬಿನ ಮನೆಯಾದದ್ದರ ಹಿಂದೆ ಇದಕ್ಕಿಂತ ದೊಡ್ಡ ತತ್ತ್ವವೇನೂ ಇಲ್ಲ.

ಈಗ ಸಂಜೆಯ ವಿಷಯ. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ, ಹೆಚ್ಚಾಗಿ ವಾರದ ಮಧ್ಯದ ಒಂದು ದಿನ, ಚರ್ಚಿನ ಹಾಲ್, ಸಮುದಾಯ ಭವನ, ಸ್ಕೌಟ್ ಕೊಠಡಿ ಅಥವಾ ಪಬ್ಬಿನ ಮಹಡಿಯಲ್ಲಿ ಏಳು ಗಂಟೆಯ ಹೊತ್ತಿಗೆ ಜನ ಸೇರುತ್ತಾರೆ. ಯಾರು ಯಾವ ಆಟ ಹಾಕುತ್ತಾರೆ, ಎಷ್ಟು ಜನರಿಗೆ ಸ್ಥಳವಿದೆ ಎಂಬುದು ಸಾಮಾನ್ಯವಾಗಿ ಮುಂಚಿತವಾಗಿಯೇ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ತೀರ್ಮಾನವಾಗಿರುತ್ತದೆ. ಆದ್ದರಿಂದ ಭಿತ್ತಿಪತ್ರದಲ್ಲಿರುವ ಕಾರ್ಯದರ್ಶಿಗೆ ಒಂದೆರಡು ದಿನ ಮೊದಲೇ ಬರೆದು, ಹೊಸಬರಿಬ್ಬರು ಬರುತ್ತಿದ್ದೇವೆ, ಒಬ್ಬನಿಗೆ ಹದಿನಾಲ್ಕು ವರ್ಷ, ನಮ್ಮಲ್ಲಿ ಸೈನ್ಯವಿಲ್ಲ ಎಂದು ತಿಳಿಸಿ. ಹೇಳದೆ ಹೋದರೆ ಯಾರೂ ಹೊರಗೆ ಕಳಿಸುವುದಿಲ್ಲ. ಆದರೆ ಎಲ್ಲ ಮೇಜುಗಳೂ ತುಂಬಿದ್ದು ಸಂಜೆಯಿಡೀ ಕೈಕಟ್ಟಿ ನೋಡುತ್ತ ನಿಲ್ಲುವುದು ಹುಡುಗನಿಗೆ ಬೇಸರ. ಮೊದಲ ಅರ್ಧ ಗಂಟೆ ಮಡಚು ಮೇಜುಗಳನ್ನು ಎಳೆಯುವುದರಲ್ಲಿ, ಹಸಿರು ಹಾಸು ಬಿಡಿಸುವುದರಲ್ಲಿ, ಪೆಟ್ಟಿಗೆಯಿಂದ ಕಾಡು, ಹೊಳೆ, ರಸ್ತೆಗಳನ್ನು ತೆಗೆದಿಡುವುದರಲ್ಲಿ ಕಳೆಯುತ್ತದೆ. ಈ ಕೆಲಸಕ್ಕೆ ಕೈಹಾಕಿ. ಪರಿಚಯ ಆಗುವುದೇ ಅಲ್ಲಿ. ಅಡುಗೆಕೋಣೆಯಲ್ಲಿ ಚಹಾ ಮತ್ತು ಬಿಸ್ಕತ್ತು, ಡಬ್ಬಿಯಲ್ಲಿ ಹಾಕಬೇಕಾದ ಕೆಲವು ಪೌಂಡ್ ಶುಲ್ಕ. ಮೊದಲ ಭೇಟಿಗೆ ಹಲವು ಕ್ಲಬ್ಬುಗಳು ಅದನ್ನೂ ಕೇಳುವುದಿಲ್ಲ. ಹತ್ತೂವರೆಯ ಹೊತ್ತಿಗೆ ಹಾಲಿನ ಬೀಗದ ಕೈ ಹಿಂತಿರುಗಿಸಬೇಕಾದ್ದರಿಂದ ಆಟ ಮುಗಿಯದಿದ್ದರೂ ಹತ್ತು ಗಂಟೆಗೆ ಎಲ್ಲರೂ ಸಾಮಾನು ಕಟ್ಟಲು ತೊಡಗುತ್ತಾರೆ. ಗೆದ್ದವರು ಯಾರೆಂಬುದು ಅನೇಕ ಸಲ ಆಗ ಮಾತಿನಲ್ಲೇ ತೀರ್ಮಾನವಾಗುತ್ತದೆ.

ಆಟ ಹೇಗಿರುತ್ತದೆಂದು ತಿಳಿಯಲು ಒಂದು ಸರದಿಯನ್ನು ಹತ್ತಿರದಿಂದ ನೋಡೋಣ. ಹದಿನೆಂಟು ಮತ್ತು ಹತ್ತೊಂಬತ್ತನೇ ಶತಮಾನದ ಕದನಗಳಿಗೆ ಇಲ್ಲಿ ಬಹಳ ಬಳಕೆಯಲ್ಲಿರುವ ‘ಬ್ಲ್ಯಾಕ್ ಪೌಡರ್’ ನಿಯಮಗಳನ್ನು ತೆಗೆದುಕೊಳ್ಳಿ. ಅವು 2009ರಲ್ಲಿ ಪ್ರಕಟವಾದವು. ಪ್ರತಿ ಸೇನಾನಿಗೂ ಒಂದು ಸಾಮರ್ಥ್ಯದ ಅಂಕವಿರುತ್ತದೆ, ಅದು ಸಾಮಾನ್ಯವಾಗಿ 8. ಆಟಗಾರ ಮೊದಲು ತನ್ನ ಆಜ್ಞೆಯನ್ನು ಎಲ್ಲರಿಗೂ ಕೇಳುವಂತೆ ಬಾಯಿಬಿಟ್ಟು ಹೇಳಬೇಕು: ‘ಈ ಬೆಟಾಲಿಯನ್ ಬೇಲಿಯನ್ನು ದಾಟಿ ಗುಡ್ಡದ ಬುಡಕ್ಕೆ ಹೋಗಲಿ.’ ಹೇಳಿದ ಮೇಲೆ ಬದಲಿಸುವಂತಿಲ್ಲ. ನಂತರ ಎರಡು ದಾಳ ಹಾಕುತ್ತಾನೆ. ಮೊತ್ತ 8 ಅಥವಾ 7 ಬಂದರೆ ದಳ ಒಂದು ನಡೆ ಮುಂದೆ ಹೋಗುತ್ತದೆ, 6 ಬಂದರೆ ಎರಡು, 5 ಅಥವಾ ಅದಕ್ಕೂ ಕಡಿಮೆ ಬಂದರೆ ಮೂರು. 9, 10 ಅಥವಾ 11 ಬಂದರೆ ದಳ ನಿಂತಲ್ಲೇ ನಿಲ್ಲುತ್ತದೆ. ಎರಡೂ ಆರು ಬಿದ್ದರೆ ಆಜ್ಞೆ ತಪ್ಪಾಗಿ ಅರ್ಥವಾಗಿ ದಳ ಎತ್ತಲೋ ಹೊರಟುಬಿಡುತ್ತದೆ. ಬೇಲಿ ದಾಟಿ ಎಂದು ಗತ್ತಿನಿಂದ ನುಡಿದವನ ಬೆಟಾಲಿಯನ್ ಬೇಲಿಗೆ ಬೆನ್ನು ಹಾಕಿ ನಡೆದಾಗ ಇಡೀ ಮೇಜು ನಗುತ್ತದೆ, ಅವನೂ ನಗುತ್ತಾನೆ. ಸೇನಾಪತಿಯ ಇಚ್ಛೆಗೂ ರಣರಂಗದಲ್ಲಿ ನಡೆಯುವುದಕ್ಕೂ ನಡುವಿನ ಈ ಅಂತರವೇ ಐತಿಹಾಸಿಕ ವಾರ್‌ಗೇಮಿನ ಜೀವಾಳ. ಚದುರಂಗದಂತೆ ಕುದುರೆ ಹೇಳಿದ ಮನೆಗೆ ಹೋಗಿಯೇ ತೀರಬೇಕೆಂದು ನಿರೀಕ್ಷಿಸುವವರಿಗೆ ಮೊದಲ ಸಂಜೆ ಸ್ವಲ್ಪ ಕಿರಿಕಿರಿಯಾಗಬಹುದು.

ಮೇಜಿನ ಶಿಷ್ಟಾಚಾರ ಕಷ್ಟದ್ದಲ್ಲ. ಬೇರೆಯವರ ಗೊಂಬೆಗಳನ್ನು ಕೇಳದೆ ಮುಟ್ಟಬಾರದು. ಮುಟ್ಟುವಾಗ ತಲೆಯನ್ನೋ ಬಯೊನೆಟ್ಟನ್ನೋ ಹಿಡಿಯದೆ ಬೇಸನ್ನು ಹಿಡಿದೆತ್ತಬೇಕು. ಚಹಾದ ಲೋಟವನ್ನು ರಣರಂಗದ ಮೇಲಿಡಬಾರದು. ಓರೆಯಾಗಿ ನಿಂತ ದಾಳವನ್ನು ಮತ್ತೆ ಹಾಕಬೇಕು. ಅಳತೆ ಇಂಚಿನಲ್ಲಿರುವುದರಿಂದ ಒಂದು ಟೇಪ್ ಜೇಬಿನಲ್ಲಿದ್ದರೆ ಒಳ್ಳೆಯದು, ಸಾಮಾನ್ಯ ಆರು ಮುಖದ ದಾಳಗಳೂ ಇದ್ದರೆ ಮೆಚ್ಚುತ್ತಾರೆ. ನಿಯಮಪುಸ್ತಕವನ್ನು ಓದಿಕೊಂಡು ಹೋಗುವ ಅಗತ್ಯವಿಲ್ಲ. ಆಟ ಹಾಕಿದವರು ಒಂದು ಹಾಳೆಯ ಸಾರಾಂಶ ಕೊಡುತ್ತಾರೆ, ಎರಡು ಸರದಿ ಕಳೆಯುವಷ್ಟರಲ್ಲಿ ನಿಮ್ಮ ಮಗ ಅದನ್ನೂ ಪಕ್ಕಕ್ಕಿಟ್ಟಿರುತ್ತಾನೆ.

ಮಕ್ಕಳ ವಿಷಯದಲ್ಲಿ ಕೆಲವು ಮಾತು. ಹದಿನಾರು ಅಥವಾ ಹದಿನೆಂಟು ವರ್ಷದೊಳಗಿನವರು ತಂದೆ, ತಾಯಿ ಇಲ್ಲವೆ ಪೋಷಕರೊಂದಿಗೆ ಬರಬೇಕೆಂದು ಬಹಳಷ್ಟು ಕ್ಲಬ್ಬುಗಳು ನಿಯಮ ಮಾಡಿಕೊಂಡಿವೆ. ಇದನ್ನು ಅವಿಶ್ವಾಸವೆಂದು ತಿಳಿಯಬೇಡಿ, ಮಕ್ಕಳ ಸುರಕ್ಷತೆಯ ಹೊಣೆ ಹೊರಲು ಬೇಕಾದ ವ್ಯವಸ್ಥೆ ಸಣ್ಣ ಕ್ಲಬ್ಬುಗಳಲ್ಲಿ ಇರುವುದಿಲ್ಲ. ಪಬ್ಬಿನಲ್ಲಿ ಸೇರುವ ಕ್ಲಬ್ಬಾದರೆ ಅಲ್ಲಿನ ವಯೋಮಿತಿಯನ್ನೂ ಮೊದಲೇ ವಿಚಾರಿಸಿಕೊಳ್ಳಿ. ಮುಂದೆ ಬಣ್ಣ ಬಳಿಯುವ ಹಂತಕ್ಕೆ ಬಂದಾಗ ಇನ್ನೊಂದು ಗಮನದಲ್ಲಿರಲಿ: ಇಂಗ್ಲೆಂಡಿನಲ್ಲಿ ಸ್ಪ್ರೇ ಬಣ್ಣವನ್ನು ಹದಿನಾರು ವರ್ಷದೊಳಗಿನವರಿಗೆ ಮಾರುವಂತಿಲ್ಲ, ಗೊಂಬೆಗಳನ್ನು ಚೌಕಟ್ಟಿನಿಂದ ಬಿಡಿಸಲು ಬಳಸುವ ಚೂಪು ಚಾಕುವನ್ನು ಹದಿನೆಂಟರೊಳಗಿನವರಿಗೆ ಮಾರುವಂತಿಲ್ಲ, ಆದ್ದರಿಂದ ಎರಡನ್ನೂ ನೀವೇ ಕೊಳ್ಳಬೇಕು. ಹಳೆಯ ಲೋಹದ ಗೊಂಬೆಗಳಲ್ಲಿ ಸೀಸದ ಅಂಶವಿರುವುದರಿಂದ ಅವನ್ನು ಅರದಿಂದ ಉಜ್ಜಿದ ಮೇಲೆ ಕೈ ತೊಳೆಯುವ ಅಭ್ಯಾಸವನ್ನು ಮೊದಲ ದಿನವೇ ಮಾಡಿಸಿ.

ನಿಮಗೆ ಜಾಗವಿದೆಯೆ ಎಂದು ಕೇಳಿದ್ದೀರಿ. ಖಂಡಿತ ಇದೆ. ವಾರ್‌ಗೇಮ್, ಬೋರ್ಡ್ ಗೇಮ್ ಎರಡೂ ಹೆಸರು ಭಿತ್ತಿಪತ್ರದಲ್ಲಿರುವ ಕ್ಲಬ್ಬಿನಲ್ಲಿ ಸಾಮಾನ್ಯವಾಗಿ ಒಂದೆರಡು ಮೇಜು ಬೋರ್ಡ್ ಗೇಮಿಗೇ ಮೀಸಲಾಗಿರುತ್ತದೆ. ಆದರೆ ಅಲ್ಲಿ ಕಾಣುವುದು ‘ಕ್ಯಾಟಾನ್’ನಂಥ ಕುಟುಂಬದ ಆಟಗಳಷ್ಟೇ ಅಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ 1950ರ ದಶಕದಲ್ಲಿ ಚಾರ್ಲ್ಸ್ ರಾಬರ್ಟ್ಸ್ ಆರಂಭಿಸಿದ ಆವಲಾನ್ ಹಿಲ್ ಕಂಪನಿಯಿಂದ ಬೆಳೆದು ಬಂದ, ಷಟ್ಕೋನಗಳ ನಕ್ಷೆಯ ಮೇಲೆ ಚಿಕ್ಕ ಚೌಕದ ಬಿಲ್ಲೆಗಳನ್ನು ನಡೆಸುವ ಯುದ್ಧದ ಆಟಗಳ ಒಂದು ದೊಡ್ಡ ಪರಂಪರೆಯೇ ಇದೆ. ಹೊಸಬರಿಗೆ ಬಿಲ್ಲೆಗಳ ರಾಶಿ ಗಾಬರಿ ಹುಟ್ಟಿಸುತ್ತದೆ. ಆ ಕಾರಣಕ್ಕೆ ತಾಯಿ ಮಗ ಇಬ್ಬರೂ ಎದುರುಬದುರು ಕೂತು ಶುರುಮಾಡಲು 2004ರಲ್ಲಿ ಬಂದ ‘ಮೆಮಾಯರ್ 44’ ಅಥವಾ ಅದೇ ರಚನಾಕಾರ ರಿಚರ್ಡ್ ಬೋರ್ಗ್ ಅವರ ‘ಕಮಾಂಡ್ಸ್ ಅಂಡ್ ಕಲರ್ಸ್: ಏನ್ಷೆಂಟ್ಸ್’ ಇದೆಯೆ ಎಂದು ವಿಚಾರಿಸಲು ಹೇಳುತ್ತೇನೆ. ಎಡ, ನಡು, ಬಲ ಎಂದು ರಣರಂಗ ಮೂರು ಭಾಗವಾಗಿರುತ್ತದೆ, ಕೈಯಲ್ಲಿರುವ ಕಾರ್ಡುಗಳಲ್ಲಿ ಯಾವ ಭಾಗದ ಆಜ್ಞೆಯಿದೆಯೋ ಅಲ್ಲಿ ಮಾತ್ರ ದಳಗಳು ಚಲಿಸುತ್ತವೆ. ಒಂದು ಗಂಟೆಯೊಳಗೆ ಆಟ ಮುಗಿಯುತ್ತದೆ. ಭಾರತದ ಸ್ವಾತಂತ್ರ್ಯ ಹೋರಾಟವನ್ನೇ ವಸ್ತುವಾಗಿಸಿಕೊಂಡ ‘ಗಾಂಧಿ’ ಎಂಬ ಆಟ 2019ರಲ್ಲಿ ಬಂದಿದೆ. ನಾಲ್ಕು ಪಕ್ಷಗಳು, ನಾಲ್ಕಕ್ಕೂ ಬೇರೆ ಬೇರೆ ಗುರಿ, ಬೇರೆ ಬೇರೆ ಸಾಧನ. ಹುಲಿ ಕುರಿ ಆಟ ಆಡಿ ಬೆಳೆದವರಿಗೆ ಎರಡು ಪಕ್ಷಗಳ ಬಲ ಸಮವಾಗಿರಬೇಕಿಲ್ಲ, ಗೆಲ್ಲುವ ದಾರಿಯೂ ಒಂದೇ ಆಗಿರಬೇಕಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಹೊಸಬರು ಅದಕ್ಕೇ ತಡವರಿಸುತ್ತಾರೆ. ಮೊದಲ ಆಟವಾಗಿ ಮಾತ್ರ ಅದು ಬೇಡ, ನಿಯಮಗಳು ದಟ್ಟವಾಗಿವೆ.

ನಾಲ್ಕಾರು ಸಂಜೆಗಳ ನಂತರವೂ ಮಗನ ಹುಮ್ಮಸ್ಸು ಇಳಿಯದಿದ್ದರೆ ಆಗ ಖರ್ಚಿನ ಮಾತು. ಮೂವತ್ತು ನಲವತ್ತು ಪ್ಲಾಸ್ಟಿಕ್ ಗೊಂಬೆಗಳಿರುವ 28 ಮಿ.ಮೀ. ಪೆಟ್ಟಿಗೆಯೊಂದಕ್ಕೆ ಇಪ್ಪತ್ತರಿಂದ ಮೂವತ್ತು ಪೌಂಡ್ ಆಗುತ್ತದೆ. ಲೋಹದ್ದಾದರೆ ಒಂದೊಂದಕ್ಕೇ ಎರಡು ಪೌಂಡ್ ಅಥವಾ ಹೆಚ್ಚು. ಎಲ್ಲಕ್ಕಿಂತ ಅಗ್ಗದ, ಆದರೂ ಪೂರ್ಣವಾದ ಸೈನ್ಯ ಬೇಕೆಂದರೆ ನನ್ನ ಆಯ್ಕೆ 1990ರಲ್ಲಿ ಮೊದಲು ಪ್ರಕಟವಾದ ‘ಡಿಬಿಎ’ ನಿಯಮಗಳು. ಪ್ರಾಚೀನ ಮತ್ತು ಮಧ್ಯಯುಗದ ಯಾವ ಸೈನ್ಯವಾದರೂ ಸರಿ, ಪ್ರತಿ ಪಕ್ಷಕ್ಕೆ ಕೇವಲ ಹನ್ನೆರಡು ತುಂಡುಗಳು (ಗೊಂಬೆಗಳನ್ನು ಅಂಟಿಸಿದ ಬೇಸುಗಳು), 15 ಮಿ.ಮೀ. ಗಾತ್ರದಲ್ಲಿ ಎರಡಡಿ ಚೌಕದ ಹಲಗೆ ಸಾಕು, ಅಂದರೆ ನಿಮ್ಮ ಊಟದ ಮೇಜಿನ ಮೇಲೂ ಆಡಬಹುದು. ಸರದಿಗೊಂದು ದಾಳ ಹಾಕಿ, ಎಷ್ಟು ಬಿತ್ತೋ ಅಷ್ಟು ತುಂಡುಗಳನ್ನು ಅಥವಾ ತುಂಡುಗಳ ಗುಂಪುಗಳನ್ನು ನಡೆಸಬೇಕು. ನಾಲ್ಕು ತುಂಡು ಕಳೆದುಕೊಂಡವರು ಸಾಮಾನ್ಯವಾಗಿ ಸೋತಂತೆ. ಅದರ ಸೈನ್ಯಗಳ ಪಟ್ಟಿಯಲ್ಲಿ ‘ಕ್ಲಾಸಿಕಲ್ ಇಂಡಿಯನ್’ ಎಂದು ಆನೆ, ರಥ, ಬಿಲ್ಲಾಳುಗಳ ಒಂದು ಸೈನ್ಯವೂ ಇದೆ; ಬಣ್ಣ ಬಳಿಯಲು ಅದರಷ್ಟು ಸಂತೋಷದ ಸೈನ್ಯ ಇನ್ನೊಂದಿಲ್ಲ. ಕ್ಲಬ್ಬಿನ ಹಿರಿಯರು ತಮ್ಮ ಹೆಚ್ಚುವರಿ ಗೊಂಬೆಗಳನ್ನು ಆಗಾಗ ಕಡಿಮೆ ಬೆಲೆಗೆ ಕೊಡುತ್ತಾರೆ. ಪ್ರದರ್ಶನಗಳಲ್ಲೂ ಹಳೆಯದನ್ನು ಮಾರುವ ಮೇಜುಗಳಿರುತ್ತವೆ. ಸೌತ್ ಲಂಡನ್ ವಾರ್‌ಲಾರ್ಡ್ಸ್ ಕ್ಲಬ್ 1972ರಿಂದ ನಡೆಸುತ್ತ ಬಂದಿರುವ ‘ಸಲ್ಯೂಟ್’ ಅವುಗಳಲ್ಲಿ ದೊಡ್ಡದು. ನಿಮ್ಮ ಮಿಡ್‌ಲ್ಯಾಂಡ್ಸ್ ಭಾಗಕ್ಕೆ ನ್ಯೂಆರ್ಕಿನಲ್ಲಿ ಸೇರುವ ‘ಪಾರ್ಟಿಜನ್’ ಹತ್ತಿರ, ಮತ್ತು ನನ್ನ ಮಟ್ಟಿಗೆ ಹೆಚ್ಚು ನೆಮ್ಮದಿಯ ಜಾಗ.

ಕೊನೆಗೆ ಮಗನ ಪ್ರಶ್ನೆ. ಟಿಪ್ಪುವಿನ ಕಡೆಯಿಂದ ಧಾರಾಳವಾಗಿ ಆಡಬಹುದು. ಆಂಗ್ಲೋ ಮೈಸೂರು ಯುದ್ಧಗಳು ಇಲ್ಲಿನ ಆಟಗಾರರಿಗೆ ಅಪರಿಚಿತವಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ‘ಟಿಪ್ಪುವಿನ ಹುಲಿ’ ಎಂಬ ಮರದ ಯಂತ್ರಗೊಂಬೆಯನ್ನು ಶಾಲೆಯ ಪ್ರವಾಸದಲ್ಲಿ ನೋಡಿದವರು ಯಾವ ಕ್ಲಬ್ಬಿನಲ್ಲೂ ಸಿಗುತ್ತಾರೆ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನೇ ಆಡಬೇಕೆಂದು ಅವನು ಹಟ ಹಿಡಿಯಬಹುದು. ಬೇಡವೆನ್ನಿ. ಮುತ್ತಿಗೆ ಮೇಜಿನ ಮೇಲೆ ಚೆನ್ನಾಗಿ ಆಡಿಸಿಕೊಳ್ಳುವುದಿಲ್ಲ. ಗೋಡೆಯೊಳಗಿನವನಿಗೆ ಕಾಯುವುದನ್ನು ಬಿಟ್ಟು ಹೆಚ್ಚು ಕೆಲಸವಿರುವುದಿಲ್ಲ. 1781ರಲ್ಲಿ ಹೈದರಾಲಿ ಮತ್ತು ಈಸ್ಟ್ ಇಂಡಿಯಾ ಕಂಪನಿಯ ಸೇನಾಪತಿ ಐರ್ ಕೂಟ್ ಎದುರಾದ ಪೋರ್ಟೊ ನೋವೊ ಬಯಲು ಕಾಳಗವಾದ್ದರಿಂದ ಅದಕ್ಕಿಂತ ಒಳ್ಳೆಯ ಆಟ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಹೈದರಾಲಿ ಮತ್ತು ಟಿಪ್ಪು ಕಂಪನಿಯ ತುಕಡಿಯೊಂದನ್ನು ಸೋಲಿಸಿದ ಪೊಲ್ಲಿಲೂರಿನ ಕದನ.

ಕಂಪನಿಯ ಕರ್ನಲ್ ಬೇಯ್ಲಿಯ ಆ ತುಕಡಿಯಲ್ಲಿ ಸುಮಾರು 3,800 ಜನರಿದ್ದರು. ಒಂದು ಗೊಂಬೆಗೆ ಮೂವತ್ತು ಜನರೆಂದು ಲೆಕ್ಕ ಹಿಡಿದರೆ ನೂರಿಪ್ಪತ್ತೈದರ ಆಸುಪಾಸು ಗೊಂಬೆಗಳು, ಒಂದು ಕ್ಲಬ್ಬಿನವರು ಚಳಿಗಾಲದಲ್ಲಿ ಹಂಚಿಕೊಂಡು ಬಣ್ಣ ಬಳಿದು ಮುಗಿಸಬಹುದಾದಷ್ಟು. ಅವರಲ್ಲಿ ಹೆಚ್ಚಿನವರು ಮದ್ರಾಸಿನ ಸಿಪಾಯಿಗಳಾಗಿದ್ದರಿಂದ ಕೆಂಪು ಕೋಟಿನ ಮೇಲಿನ ಮುಖಗಳಿಗೂ ಕಂದು ಬಣ್ಣವೇ ಬೇಕಾಗುತ್ತದೆ. ‘ನಮ್ಮವರು’, ‘ಅವರು’ ಎಂದು ಸುಲಭವಾಗಿ ವಿಂಗಡಿಸಿಕೊಂಡು ಬಂದ ಹುಡುಗನಿಗೆ ಕುಂಚ ಹಿಡಿದಾಗಲೇ ಇದು ಎದುರಾಗುತ್ತದೆ. ಮೈಸೂರು ಪಕ್ಷದಲ್ಲಿ ಅಶ್ವದಳ ದೊಡ್ಡದಿರಲಿ. ರಾಕೆಟ್ಟುಗಳಿಗೆ, ಗುರಿಯಿಟ್ಟ ದಿಕ್ಕಿನಿಂದ ಎಷ್ಟು ಸರಿಯಿತೆಂದು ಹೇಳುವ ಪ್ರತ್ಯೇಕ ದಾಳವಿರಲಿ. ಕಬ್ಬಿಣದ ಕೊಳವೆಯ ಆ ಅಸ್ತ್ರಕ್ಕೆ ಪ್ರತಿ ಸಲವೂ ಗುರಿ ಮುಟ್ಟುವ ವರ ಕೊಟ್ಟರೆ ಆಟ ಕೆಡುತ್ತದೆ. ಬೇಯ್ಲಿಯ ಮದ್ದಿನ ಬಂಡಿಗಳು ಸ್ಫೋಟಗೊಂಡದ್ದೇ ಆ ದಿನದ ನಿರ್ಣಾಯಕ ಗಳಿಗೆ. ಅದಕ್ಕೆ ರಾಕೆಟ್ ಕಾರಣವೆ ಫಿರಂಗಿಯ ಗುಂಡು ಕಾರಣವೆ ಎಂಬ ಬಗ್ಗೆ ವಿವರಣೆಗಳು ಒಂದೇ ಆಗಿಲ್ಲದ್ದರಿಂದ ಎರಡಕ್ಕೂ ಅವಕಾಶವಿಡಿ. ರಜೆಯಲ್ಲಿ ಊರಿಗೆ ಹೋದಾಗ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯಲ್ಲಿ ಈ ಕದನದ ಚಿತ್ರವಿರುವ ಪಶ್ಚಿಮದ ಗೋಡೆಯ ಮುಂದೆ ಒಂದು ಗಂಟೆ ಕಳೆಯಿರಿ. ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಯ್ಲಿ, ಉರಿಯುವ ಮದ್ದಿನ ಬಂಡಿ, ಸುತ್ತುವರಿದ ಕುದುರೆಗಳು ಎಲ್ಲವೂ ಅಲ್ಲಿವೆ. ಗೆದ್ದವರು ಬರೆಸಿದ ಚಿತ್ರವೆಂಬ ಎಚ್ಚರವಿಟ್ಟುಕೊಂಡು ನೋಡಿದರೆ ಉಡುಪು, ಬಾವುಟ, ಸಾಲುಗಳ ಜೋಡಣೆಗೆ ಅದರಿಂದ ಬಹಳ ಸಿಗುತ್ತದೆ.

ಆಟವನ್ನು ಕಟ್ಟುವಾಗ ಮರೆಯಬಾರದ ವ್ಯಕ್ತಿ, ಬೇಯ್ಲಿ ಸೇರಿಕೊಳ್ಳಬೇಕಿದ್ದ ಕಂಪನಿಯ ಸೇನಾಪತಿ ಹೆಕ್ಟರ್ ಮನ್ರೊ. ಅವನ ಮುಖ್ಯ ಸೈನ್ಯ ಕಾಂಚೀಪುರದಲ್ಲಿತ್ತು, ಫಿರಂಗಿಯ ಸದ್ದು ಕೇಳುವಷ್ಟು ಹತ್ತಿರ. ಹೊರಟಾಗ ಹೊತ್ತು ಮೀರಿತ್ತು, ಕೊನೆಗೆ ಭಾರಿ ಫಿರಂಗಿಗಳನ್ನು ಕೆರೆಗೆ ತಳ್ಳಿ ಮದ್ರಾಸಿಗೆ ಹಿಂದಿರುಗಿದ. ಆದ್ದರಿಂದ ಮೇಜಿನ ಸುತ್ತ ನಾಲ್ವರಿರಲಿ, ಮನ್ರೊ ಆಡುವವರನ್ನು ಮಾತ್ರ ಅಡುಗೆಕೋಣೆಯಲ್ಲಿ ಕೂರಿಸಿ, ಪ್ರಷ್ಯನ್ನರ ತೀರ್ಪುಗಾರನಂತೆ ಒಬ್ಬರು ನಡುವೆ ಓಡಾಡುತ್ತ ಎರಡು ಸರದಿಗೊಮ್ಮೆ ಒಂದು ಚೀಟಿ ಕೊಡಲಿ: ‘ದೂರದಲ್ಲಿ ಗುಂಡಿನ ಸದ್ದು’, ‘ಹೊಗೆ ಕಾಣುತ್ತಿದೆ’, ಅಷ್ಟೇ. ಹೊರಡುವುದೋ ಬಿಡುವುದೋ ಅವರೇ ತೀರ್ಮಾನಿಸಲಿ. ಈ ಪಾತ್ರಕ್ಕೆ ನಿಯಮ ಬಲ್ಲವರೇ ಬೇಕಿಲ್ಲ. ಬೋರ್ಡ್ ಗೇಮ್ ಮೇಜಿನಿಂದ ಬಿಡುವು ಮಾಡಿಕೊಂಡರೆ ಅದನ್ನು ನೀವೇ ಆಡಬಹುದು.